ಚೈನ್‌ಸಾ ಕೊಳ್ಳುವ ಮೊದಲು ಮಿಸ್ತ್ರಿಯ ಅಂಗಡಿಯಲ್ಲಿ ಕೂತ ಎರಡು ದಿನ

ಧಾರವಾಡದಿಂದ ಹಳಿಯಾಳ ರಸ್ತೆ ಹಿಡಿದು ಹೋದರೆ ಅಲ್ಲಲ್ಲಿ ಆಪೂಸಿನ ತೋಟಗಳು ಸಿಗುತ್ತವೆ. ಅದರಲ್ಲೊಂದು ನಮ್ಮದು. ನಾಲ್ಕೂವರೆ ಎಕರೆ ಜಾಗ, ಅಜ್ಜ ಹಚ್ಚಿದ ಮಾವಿನ ಗಿಡಗಳು. ಬದುವಿನ ಮೇಲೆ ಬೇವು, ಜಾಲಿ, ಎರಡು ದೊಡ್ಡ ಹುಣಸಿ. ಹಿಂದಿನ ಬದಿಗೆ ಅಪ್ಪ ಹಾಕಿದ ಸಿಲ್ವರ್ ಓಕಿನ ಸಾಲು. ಹಣ್ಣು ಇಳಿಸಿದ ಮೇಲೆ ಪ್ರತಿ ವರ್ಷ ಗಿಡದ ನಡುವಿನ ದಟ್ಟ ಟೊಂಗೆ ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡಬೇಕು. ಇಲ್ಲದಿದ್ದರೆ ಜಿಗಿಹುಳದ ಕಾಟ, ಹೂವು ತುದಿಗೆ ಮಾತ್ರ. ಮೊದಲೆಲ್ಲ ಚೈನ್‌ಸಾ, ಅಂದರೆ ಓಡುವ ಚೈನಿನ ಹಲ್ಲಿನಿಂದ ಮರ ಕೊಯ್ಯುವ ಮಷೀನು, ಇದ್ದ ಊರಿನ ಒಬ್ಬರನ್ನು ಮಷೀನು ಸಮೇತ ಕೂಲಿಗೆ ಕರೆಯುತ್ತಿದ್ದೆವು. ಆದರೆ ಆ ಹದಿನೈದು ದಿನ ಎಲ್ಲರಿಗೂ ಅವರೇ ಬೇಕು. ಅವರು ನಮ್ಮ ತೋಟಕ್ಕೆ ಬರುವಷ್ಟರಲ್ಲಿ ಮಿರಗನ ಮಳೆ ಹಿಡಿದಿರುತ್ತಿತ್ತು.

ಹಾಗಾಗಿ ಒಂದು ಮಷೀನು ನಮ್ಮದೇ ಇರಲಿ ಅಂತ ಪೇಟೆಗೆ ಹೋಗಿ, ಹೆಚ್ಚು ಯೋಚನೆ ಮಾಡದೆ, 8,500 ರೂಪಾಯಿಗೆ ಒಂದು ತಂದೆ. ಡಬ್ಬಿಯ ಮೇಲೆ 58 ಸಿಸಿ, 22 ಇಂಚು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಸಿಸಿ ಅಂದರೆ ಎಂಜಿನ್ನಿನ ಗಾತ್ರ, ಇಂಚು ಅಂದರೆ ಬಾರಿನ, ಎಂದರೆ ಚೈನು ಸುತ್ತುವ ಉದ್ದನೆಯ ಪಟ್ಟಿಯ, ಉದ್ದ. ಅದರ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಅದೇ ಮಷೀನು ಹತ್ತಾರು ಹೆಸರಿನಲ್ಲಿ, ಹತ್ತಾರು ಬಣ್ಣದಲ್ಲಿ ಸಿಗುತ್ತದೆ. ಮೊದಲ ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಹಗ್ಗ ಎಳೆಯುವ ಸ್ಟಾರ್ಟರಿನ ಸ್ಪ್ರಿಂಗ್ ಹೋಯಿತು. ಅದನ್ನು ಹಾಕಿಸಿದೆ. ನಂತರ ಬಾರಿಗೆ ಎಣ್ಣೆ ಹೋಗುವುದು ನಿಂತಿತು. ಅದೂ ಆಯಿತು. ಎರಡನೇ ವರ್ಷ ಹುಣಸಿಯ ಒಣ ಟೊಂಗೆ ಕೊಯ್ಯುತ್ತಿದ್ದಾಗ ಶಬ್ದ ಒಮ್ಮೆಲೇ ಸಣ್ಣಗಾಗಿ, ಕೀರಲಾಗಿ ಮೇಲೇರಿ, ನಿಂತೇಬಿಟ್ಟಿತು. ಹಗ್ಗ ಎಳೆದರೆ ಅಲ್ಲಾಡಲಿಲ್ಲ.

ಹುಬ್ಬಳ್ಳಿಯಲ್ಲಿ ಇಂಥ ಸಣ್ಣ ಎಂಜಿನ್‌ಗಳನ್ನು ಮಾತ್ರ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದಾರೆ. ಔಷಧ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮಷೀನು, ಚೈನ್‌ಸಾ, ಇಷ್ಟೇ ಅವರ ಕೆಲಸ. ಸಿಲಿಂಡರ್ ಬಿಚ್ಚಿ ತೋರಿಸಿದರು. ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈಯೆಲ್ಲ ಗೀರಿ ಹೋಗಿತ್ತು. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಕೊಳವೆ ಸೀಳಿತ್ತು. ಅಲ್ಲಿಂದ ಬರಿಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾಗಿದೆ. ಪೆಟ್ರೋಲಿನ ಜೊತೆಗೇ ಎಣ್ಣೆಯೂ ಬರಬೇಕಾದ ಎಂಜಿನ್ ಇದು. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಕಾವು ಹೆಚ್ಚು, ಕೊನೆಗೆ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲುವುದು. ನನ್ನ ತಪ್ಪೂ ಇತ್ತು. ಅಂಗಡಿಯವರು ‘ಲೀಟರಿಗೆ ಒಂದು ಮುಚ್ಚಳ ಎಣ್ಣೆ’ ಅಂದಿದ್ದರು, ನಾನು ಆ ಮುಚ್ಚಳ ಎಷ್ಟು ಹಿಡಿಯುತ್ತದೆ ಎಂದು ಅಳೆದೇ ಇರಲಿಲ್ಲ.

ಮಿಸ್ತ್ರಿ ಇನ್ನೊಂದನ್ನೂ ತೋರಿಸಿದರು. ವರ್ನಿಯರ್ ಹಿಡಿದು ಅಳೆದರೆ ಸಿಲಿಂಡರಿನ ಅಡ್ಡಳತೆ 45.2 ಮಿಲಿಮೀಟರ್, ಪಿಸ್ಟನ್ ಓಡುವ ದೂರ 34 ಮಿಲಿಮೀಟರ್. ಅಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆವು. ಬಂದದ್ದು 54.6 ಸಿಸಿ. ಡಬ್ಬಿಯ ಮೇಲಿನ 58 ಎಂಜಿನ್ನಿನಲ್ಲಿ ಇರಲೇ ಇಲ್ಲ.

‘ಹೊಸಾದು ತಗೊಳ್ಳೋದಾದ್ರ ಯಾವ ಕಂಪನೀದು ತಗೊಳ್ಳಲಿ?’ ಅಂತ ಕೇಳಿದೆ.

‘ಕಂಪನಿ ಹೆಸರು ಆಮ್ಯಾಲ ಕೇಳ್ರಿ. ಯಾವ ಗಿಡಾ ಕೊಯ್ತೀರಿ, ವರ್ಷಕ್ಕ ಎಷ್ಟ ದಿನಾ ಕೊಯ್ತೀರಿ, ಅದನ್ನ ಮೊದಲ ಹೇಳ್ರಿ’ ಅಂದರು. ಆಮೇಲೆ, ‘ಪುರುಸೊತ್ತಿದ್ರ ನಾಳೆ ಬಂದು ಇಲ್ಲೇ ಕುಂದರ್ರಿ. ಏನೇನು ಬರ್ತಾವು ನೋಡ್ರಿ’ ಅಂದರು.

ಹೋದೆ. ಎರಡು ದಿನ ಕೂತೆ. ಆ ಎರಡು ದಿನದಲ್ಲಿ ತಿಳಿದದ್ದು ಯಾವ ಶೋರೂಮಿನಲ್ಲೂ ತಿಳಿಯುತ್ತಿರಲಿಲ್ಲ.

ರಿಪೇರಿಗೆ ಬಂದವುಗಳಲ್ಲಿ ಎಲ್ಲ ಬಣ್ಣದವೂ ಇದ್ದವು, ಹೆಸರುವಾಸಿಯಾದವೂ ಇದ್ದವು. ಆದರೆ ಬಂದ ಕಾರಣ ಬೇರೆ ಬೇರೆ. ಒಳ್ಳೆಯ ಮಷೀನುಗಳು ಬಹುತೇಕ ಬಳಸಿದವರ ಕೈಯಲ್ಲಿ ಕೆಟ್ಟಿದ್ದವು. ಒಂದಕ್ಕೆ ಎಣ್ಣೆ ಬೆರೆಸದ ಬರೀ ಪೆಟ್ರೋಲು ಹಾಕಿದ್ದರು. ಇನ್ನೊಂದರ ಏರ್ ಫಿಲ್ಟರು ಮರದ ಪುಡಿಯಿಂದ ಗಟ್ಟಿ ಹಪ್ಪಳದಂತಾಗಿತ್ತು. ಮತ್ತೊಂದರ ಬಾರು, ಎಣ್ಣೆಯೇ ಇಲ್ಲದೆ ಓಡಿಸಿ, ನೀಲಿಗಟ್ಟಿತ್ತು. ಅಗ್ಗದವು ಹಾಗಲ್ಲ. ಒಂದೊಂದರಲ್ಲಿ ಮೂರು ನಾಲ್ಕು ಕಡೆ ತೊಂದರೆ, ಪ್ಲಾಸ್ಟಿಕ್ ಹಿಡಿಕೆ ಬಿರುಕು, ನಟ್ಟಿನ ತಿರುಪು ಸವೆದದ್ದು, ಎಣ್ಣೆ ಪಂಪಿನ ಹಲ್ಲು ಕಿತ್ತದ್ದು. ಒಂದು ಸರಿ ಮಾಡಿದರೆ ಇನ್ನೊಂದು. ನನಗೆ ಹೆಚ್ಚು ತಾಗಿದ್ದು ಬೇರೆಯೇ ವಿಷಯ. ಕೆಟ್ಟ ಒಳ್ಳೆಯ ಮಷೀನು ಮಧ್ಯಾಹ್ನಕ್ಕೆ ರಿಪೇರಿಯಾಗಿ ಹೋಗುತ್ತಿತ್ತು, ಏಕೆಂದರೆ ಅದರ ಸಾಮಾನು ಮಿಸ್ತ್ರಿಯ ಹಿಂದಿನ ಕಪಾಟಿನಲ್ಲೇ ಇತ್ತು. ಅಗ್ಗದ್ದಕ್ಕೆ ಸಾಮಾನು ಸಿಕ್ಕರೂ ಕೂಡುತ್ತಿರಲಿಲ್ಲ. ಒಂದೇ ಹೆಸರಿನ ಎರಡು ಮಷೀನುಗಳ ಪಿಸ್ಟನ್ ಪಿನ್ನೇ ಬೇರೆ ಬೇರೆ ಅಳತೆಯದಾಗಿದ್ದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ನನ್ನ ಕೆಲಸದ ಲೆಕ್ಕ ಹಾಕಿದೆ. ವರ್ಷಕ್ಕೆ ಹೆಚ್ಚೆಂದರೆ ಇಪ್ಪತ್ತೈದು ದಿನ. ಮುಕ್ಕಾಲು ಪಾಲು ಮಾವಿನ ಟೊಂಗೆ, ತೊಡೆ ಗಾತ್ರದ್ದು. ಉಳಿದದ್ದು ಒಣ ಜಾಲಿ, ಹುಣಸಿ. ಇದಕ್ಕೆ 22 ಇಂಚಿನ ಬಾರು ಬೇಕೇ ಇರಲಿಲ್ಲ. ಬಾರು ಉದ್ದವಾದಷ್ಟೂ ಎಂಜಿನ್ ಅಷ್ಟುದ್ದದ ಚೈನು ಎಳೆಯಬೇಕು, ಅಷ್ಟುದ್ದಕ್ಕೂ ಎಣ್ಣೆ ಮುಟ್ಟಿಸಬೇಕು, ಮುಂಭಾರವೂ ಹೆಚ್ಚು. ನಮ್ಮ ಕಡೆ ಜನ ಇಂಚು ನೋಡಿ ಮಷೀನು ಕೊಳ್ಳುತ್ತಾರೆ. ಸಿಸಿಗಿಂತಲೂ ನೋಡಬೇಕಾದದ್ದು ಕಿಲೋವ್ಯಾಟ್ ಮತ್ತು ತೂಕ, ಅಂದರೆ ಪ್ರತಿ ಕಿಲೋಗೆ ಎಷ್ಟು ಬಲ ಸಿಗುತ್ತದೆ ಎನ್ನುವುದು. ಸಂಜೆ ನಾಲ್ಕಕ್ಕೆ ತೋಳಿಗೆ ಗೊತ್ತಾಗುವುದು ಅದೇ.

ಕೊನೆಗೆ ಎರಡು ಕಂಪನಿ ಉಳಿದವು. ಜರ್ಮನಿಯ ಸ್ಟಿಲ್, ಸ್ವೀಡನ್ನಿನ ಹಸ್ಕ್‌ವರ್ನಾ. ಸ್ಟಿಲ್ 1926ರಲ್ಲಿ ಶುರುವಾದದ್ದು, ಮರ ಕೊಯ್ಯುವ ಯಂತ್ರಕ್ಕೇ ಹೆಸರಾದ ಕಂಪನಿ. ಹಸ್ಕ್‌ವರ್ನಾ 1689ರಲ್ಲಿ ಬಂದೂಕಿನ ಕಾರ್ಖಾನೆಯಾಗಿ ಹುಟ್ಟಿ, 1959ರಲ್ಲಿ ಚೈನ್‌ಸಾಕ್ಕೆ ಬಂತು. ನಾನು ಪಕ್ಕ ಪಕ್ಕ ಇಟ್ಟು ನೋಡಿದ್ದು ಸ್ಟಿಲ್ ಎಂಎಸ್ 180, ಎಂಎಸ್ 250 ಮತ್ತು ಹಸ್ಕ್‌ವರ್ನಾ 445. ಎಂಎಸ್ 180 ಎಂದರೆ 31.8 ಸಿಸಿ, ಬಾರು ಚೈನು ಬಿಟ್ಟು 4 ಕಿಲೋದ ಆಸುಪಾಸು. ಗಿಡದ ಮೇಲೆ ಟೊಂಗೆ ಸವರಲು ಬಲು ಹಗುರ, ಆದರೆ ಒಣ ಜಾಲಿಗೆ ಉಸಿರು ಸಾಲದು. ಎಂಎಸ್ 250ಕ್ಕೆ 45.4 ಸಿಸಿ, 2.3 ಕಿಲೋವ್ಯಾಟ್, 4.6 ಕಿಲೋ. ಹಸ್ಕ್‌ವರ್ನಾ 445ಕ್ಕೆ 45.7 ಸಿಸಿ, 2.1 ಕಿಲೋವ್ಯಾಟ್, ತೂಕ 5 ಕಿಲೋ ಹತ್ತಿರ. ಅದರ ಎಂಜಿನ್ನು ಸುಡದ ಪೆಟ್ರೋಲು ಸೈಲೆನ್ಸರಿನಿಂದ ಹೊರಹೋಗದಂತೆ ನಡುವೆ ಗಾಳಿಯ ಪದರ ಬಿಡುವ ವಿನ್ಯಾಸದ್ದು, ಹೊಗೆಯೂ ಕಡಿಮೆ. 70 ಸಿಸಿ ಮೇಲಿನವು ಕಟ್ಟಿಗೆ ಅಡ್ಡೆಯವರಿಗೆ, ದಿನವಿಡೀ ಬೊಡ್ಡೆ ಕೊಯ್ಯುವವರಿಗೆ. ನನಗೆ ಅದು ಬೇಡದ ಭಾರ.

ಅಂಗಡಿಗಳಲ್ಲಿ ತೋರಿಸಲು ಇಟ್ಟಿರುವುದು ಮೆತ್ತನೆಯ ಸಿಲ್ವರ್ ಓಕಿನ ತುಂಡು. ಕೃಷಿ ಮೇಳದ ಮಳಿಗೆಗಳಲ್ಲೂ ನಾನು ನೋಡಿದ್ದು ಅದನ್ನೇ. ಅದರಲ್ಲಿ ಯಾವ ಮಷೀನಾದರೂ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಅದಕ್ಕೆ ನಾನು ನಮ್ಮ ಹೊಲದ ಒಣ ಜಾಲಿ ತುಂಡು ಒಂದು, ಹಳೆಯ ಮಾವಿನ ತುಂಡು ಒಂದು, ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಎರಡು ಕಡೆ ಕೊಯ್ದು ತೋರಿಸಿದರು, ಒಂದು ಕಡೆ ಒಪ್ಪಲಿಲ್ಲ. ಒಪ್ಪದವರ ಹತ್ತಿರ ಮುಂದೆ ಮಾತಾಡಲಿಲ್ಲ. ಜಾಲಿಯಲ್ಲಿ ಬಾರನ್ನು ಒತ್ತದೆ, ಅದರ ಭಾರಕ್ಕೇ ಬಿಟ್ಟು ನೋಡಿದೆ. ಎರಡೂ ಕಂಪನಿಯವು ಚೆನ್ನಾಗಿಯೇ ಇಳಿದವು. ಕೈಗೆ ಬರುವ ನಡುಕ ಎರಡರಲ್ಲೂ ನನ್ನ ಹಳೆಯದರ ಅರ್ಧವೂ ಇರಲಿಲ್ಲ. ಹಳೆಯದನ್ನು ಹಿಡಿದ ರಾತ್ರಿ ಬೆರಳು ಜೋಮು ಹಿಡಿಯುತ್ತಿದ್ದುದು ವಯಸ್ಸಿನಿಂದ ಅಲ್ಲ ಎಂದು ಆಗ ಗೊತ್ತಾಯಿತು.

ಇನ್ನೂ ಎರಡು ಪರೀಕ್ಷೆ ಮಿಸ್ತ್ರಿ ಕಲಿಸಿದ್ದರು. ಮಷೀನು ಬಂದ್ ಇರುವಾಗ ಸ್ಟಾರ್ಟರ್ ಹಗ್ಗದ ಹಿಡಿಕೆ ಹಿಡಿದು ಇಡೀ ಮಷೀನನ್ನು ತೂಗಿಸಬೇಕು. ಒತ್ತಡ ಚೆನ್ನಾಗಿದ್ದರೆ ಅದು ತಡೆ ತಡೆದು ಇಳಿಯುತ್ತದೆ. ಸರ್ರನೆ ಜಾರಿದರೆ ರಿಂಗ್ ಸವೆದಿದೆ ಎಂದರ್ಥ. ಹಳೆಯ ಮಷೀನು ಕೊಳ್ಳುವವರಿಗೆ ಇದು ತುಂಬ ಉಪಯೋಗ. ಇನ್ನೊಂದು, ಬಾರಿನ ತುದಿಯನ್ನು ಬಿಳಿ ಕಾಗದದ ಎದುರು ಒಂದು ಗೇಣು ದೂರ ಹಿಡಿದು ಜೋರು ಮಾಡಿದರೆ ಕಾಗದದ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಎಣ್ಣೆ ಮುಟ್ಟುತ್ತಿಲ್ಲ.

ಕೊನೆಗೆ ತಂದದ್ದು ಎಂಎಸ್ 250, 16 ಇಂಚಿನ ಬಾರಿನದು. ಹಳೆಯದರ ಸುಮಾರು ನಾಲ್ಕು ಪಟ್ಟು ದುಡ್ಡು. ಹಸ್ಕ್‌ವರ್ನಾ ಗುಣದಲ್ಲಿ ಅದಕ್ಕಿಂತ ಕಡಿಮೆ ಎಂದು ನಾನು ಖಂಡಿತ ಹೇಳುವುದಿಲ್ಲ. ಕಲಘಟಗಿ ಕಡೆಯ ನನ್ನ ಗೆಳೆಯರೊಬ್ಬರು ಅದನ್ನೇ ಇಟ್ಟುಕೊಂಡು ಐದು ವರ್ಷದಿಂದ ಸುಖವಾಗಿದ್ದಾರೆ, ಏಕೆಂದರೆ ಅದನ್ನು ಬಲ್ಲ ಮಿಸ್ತ್ರಿ ಅವರ ಊರಲ್ಲೇ ಇದ್ದಾರೆ. ನನ್ನ ಮಿಸ್ತ್ರಿಯ ಕಪಾಟಿನಲ್ಲಿ ಇದ್ದದ್ದು ಇದರ ಸಾಮಾನು. ನಾನು ಆರಿಸಿದ್ದು ಆ ಕಪಾಟು ನೋಡಿ.

ಹೊಸದು ಬಂದ ಮೇಲೆ ಅಭ್ಯಾಸಗಳನ್ನೂ ಬದಲಿಸಿದೆ. ಕಂಪನಿಯ ಟೂ ಸ್ಟ್ರೋಕ್ ಎಣ್ಣೆಯಾದರೆ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ. ಬೇರೆ ಟೂ ಸ್ಟ್ರೋಕ್ ಎಣ್ಣೆಯಾದರೆ ಸ್ಟಿಲ್‌ನವರು ಹೇಳುವುದು 25ಕ್ಕೆ 1, ಅಂದರೆ 40 ಮಿಲಿ. ಹಸ್ಕ್‌ವರ್ನಾದಲ್ಲಿ ಬೇರೆ ಎಣ್ಣೆಗೆ 33ಕ್ಕೆ 1. ಔಷಧದ ಅಂಗಡಿಯಿಂದ ಸೂಜಿ ಇಲ್ಲದ ಸಿರಿಂಜು ತಂದಿಟ್ಟುಕೊಂಡಿದ್ದೇನೆ, ಮುಚ್ಚಳದ ಲೆಕ್ಕ ಬಿಟ್ಟಿದ್ದೇನೆ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ 20 ಪ್ರತಿಶತ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಬಿಟ್ಟರೆ ಕೆಳಗೆ ನೀರು ಕೂಡುತ್ತದೆ, ಕಾರ್ಬೊರೇಟರಿನ ತೆಳು ರಬ್ಬರ್ ಪೊರೆ ಬಿರುಸಾಗುತ್ತದೆ. ಆ ವಾರಕ್ಕೆ ಬೇಕಾದಷ್ಟೇ ಬೆರೆಸುತ್ತೇನೆ. ಕೆಲಸ ಮುಗಿದ ದಿನ ಟ್ಯಾಂಕು ಬಗ್ಗಿಸಿ, ಉಳಿದದ್ದು ಪೂರ್ತಿ ಸುಟ್ಟು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ.

ಚೈನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಮಷೀನಿಗೆ ಶಕ್ತಿ ಇಲ್ಲ’ ಎಂದು ದೂರುವ ಹತ್ತರಲ್ಲಿ ಎಂಟು ಮಂದಿಯ ಚೈನು ಮೊಂಡಾಗಿರುತ್ತದೆ ಎನ್ನುವುದು ಮಿಸ್ತ್ರಿಯ ಮಾತು, ಮತ್ತು ನಾನೂ ಹಾಗೆ ದೂರಿದವನೇ. ಈಗ ಎಲ್ಲ ಕಡೆ ಬಳಕೆಯಲ್ಲಿರುವ ಹಲ್ಲಿನ ಆಕಾರ ಅಮೆರಿಕದ ಓರೆಗಾನ್‌ನ ಜೋ ಕಾಕ್ಸ್ ಎಂಬ ಮರ ಕಡಿಯುವವರ ಕೊಡುಗೆ. 1946ರಲ್ಲಿ ಅವರು ಮರ ಕೊರೆಯುವ ಹುಳದ ಮರಿಯೊಂದು ಎಡಕ್ಕೂ ಬಲಕ್ಕೂ ಬಾಯಾಡಿಸಿ ಕಟ್ಟಿಗೆಯೊಳಗೆ ದಾರಿ ಮಾಡುವುದನ್ನು ನೋಡಿ, ಅದರ ದವಡೆಯಂತೆಯೇ ಹಲ್ಲು ಮಾಡಿದರು. ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಇರುವುದು ಅದಕ್ಕೇ. ಎಡಗಡೆಯ ಹಲ್ಲನ್ನು ಹೆಚ್ಚು ಅರೆದು ಬಲಗಡೆಯದನ್ನು ಕಡಿಮೆ ಅರೆದರೆ ಕೊಯ್ತ ವಾರೆ ಹೋಗುತ್ತದೆ. ನನ್ನ ಚೈನಿನ ಪಿಚ್, ಅಂದರೆ ಕೊಂಡಿಗಳ ಅಂತರದ ಅಳತೆ, 0.325 ಇಂಚು, ಅದಕ್ಕೆ 4.8 ಮಿಲಿಮೀಟರಿನ ದುಂಡನೆಯ ಅರ ಬೇಕು. ಎಂಎಸ್ 180ರಂಥ ಸಣ್ಣದರ ಚೈನಿಗೆ 4 ಮಿಲಿಮೀಟರಿನದು. ಅರವನ್ನು 30 ಡಿಗ್ರಿ ಓರೆಯಲ್ಲಿ ಹಿಡಿದು, ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ಎತ್ತಬೇಕು. ಪ್ರತಿ ಹಲ್ಲಿಗೂ ಎಣಿಸಿ ಮೂರೇ ಸಲ. ಹಲ್ಲಿನ ಮುಂದೆ ಇರುವ ಸಣ್ಣ ಗೂಟ ಹಲ್ಲಿಗಿಂತ 0.65 ಮಿಲಿಮೀಟರ್ ಕೆಳಗಿರಬೇಕು. ಅದನ್ನು ಸಿಕ್ಕಾಪಟ್ಟೆ ಅರೆದರೆ ಹಲ್ಲು ಮರವನ್ನು ಕಚ್ಚಿ ಎಳೆದಾಡುತ್ತದೆ. ಚೈನು ಚೂಪಾಗಿದ್ದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಹಿಟ್ಟಿನಂಥ ಪುಡಿ ಬಂದರೆ ನಿಲ್ಲಿಸಿ ಅರ ಹಿಡಿಯಬೇಕು. ಹಸಿ ಮಾವಿನಲ್ಲಿ ಒಂದು ಟ್ಯಾಂಕು ಮುಗಿಯುವವರೆಗೆ ತಡೆಯುವ ಚೈನು ಒಣ ಹುಣಸಿಯಲ್ಲಿ ಹತ್ತು ನಿಮಿಷಕ್ಕೇ ಸೋಲುತ್ತದೆ. ಬದುವಿನ ಗಿಡಗಳಲ್ಲಿ ಇನ್ನೊಂದು ಗಂಡಾಂತರವಿದೆ. ಅಜ್ಜನ ಕಾಲದ ಬೇಲಿ ತಂತಿ ತೊಗಟೆಯೊಳಗೆ ಸೇರಿಕೊಂಡಿರುತ್ತದೆ. ಒಂದು ಬೇವಿನಲ್ಲಿ ಹಾಗೆ ಹೊಸ ಚೈನಿನ ಆರು ಹಲ್ಲು ಕಳೆದುಕೊಂಡೆ.

ಬ್ರೇಕಿನ ಬಗ್ಗೆ. ಕಳೆದ ವರ್ಷ ಒಂದು ಟೊಂಗೆ ಕೊಯ್ಯುವಾಗ ಬಾರಿನ ತುದಿಯ ಮೇಲ್ಭಾಗ ಹಿಂದಿನ ಇನ್ನೊಂದು ಟೊಂಗೆಗೆ ತಾಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಷೀನು ಮುಖದ ಕಡೆ ಎದ್ದು ಬಂತು. ಎಡಗೈ ಹಿಡಿಕೆಯನ್ನು ಸುತ್ತಿ ಹಿಡಿದಿತ್ತು, ಬ್ರೇಕು ಹಾಕುವ ಮುಂದಿನ ತಡೆ ಮಣಿಕಟ್ಟಿಗೆ ಬಡಿದು ಚೈನು ಅಲ್ಲೇ ನಿಂತಿತು. ಹಳೆಯ ಮಷೀನಿನಲ್ಲಿ ಆ ತಡೆ ಮುರಿದು ಆರು ತಿಂಗಳಾಗಿತ್ತು, ನಾನು ಹಾಗೇ ಓಡಿಸಿದ್ದೆ. ಆ ಸಂಜೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಮರುದಿನ ಹೇಳಿದೆ. ಅಂದಿನಿಂದ ಯಾವ ಮಷೀನು ಕೈಗೆ ಬಂದರೂ ಮೊದಲು ಚೈನು ಓಡಿಸಿ ಬ್ರೇಕು ತಳ್ಳಿ ನೋಡುತ್ತೇನೆ. ಹೆಲ್ಮೆಟ್ಟು, ಕಿವಿಗೆ ಮುಚ್ಚಳ, ದಪ್ಪ ಬೂಟು ಇಲ್ಲದೆ ಮಗನಿಗೆ ಮುಟ್ಟಲು ಬಿಡುವುದಿಲ್ಲ.

ಇದು ಟೊಂಗೆಯ ಮಾತಾಯಿತು. ಇಡೀ ಗಿಡ ಉರುಳಿಸುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಬದುವಿನ ಜಾಲಿಗೆ ನಾನು ಅರ್ಜಿ ಹಾಕಿಯೇ ಕಡಿಸಿದ್ದು. ಮಾವಿನ ದೊಡ್ಡ ಕೊಯ್ತಕ್ಕೆ ಅದೇ ದಿನ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ಹತ್ತು ಲೀಟರ್ ಸೇರಿಸಿದ ಬೋರ್ಡೊ ಮುಲಾಮು ಬಳಿಯುತ್ತೇನೆ. ನುಣುಪಾದ ಕೊಯ್ತ ಬೇಗ ಮಾಯುತ್ತದೆ, ಸೀಳಿದ್ದು ಕೊಳೆಯುತ್ತದೆ.

ಈಗ ಇದಕ್ಕೆ ಮೂರನೇ ವರ್ಷ. ಖಂಡೇಪೂಜೆಯ ದಿನ ಅಜ್ಜನ ಕೊಡಲಿಯ ಪಕ್ಕ ಇಟ್ಟು ವಿಭೂತಿ ಹಚ್ಚುತ್ತೇವೆ. ಇಲ್ಲಿಯವರೆಗೆ ಹಾಕಿಸಿದ್ದು ಒಂದು ಪ್ಲಗ್, ಒಂದು ಏರ್ ಫಿಲ್ಟರ್, ಎರಡು ಚೈನು. ಬಾರನ್ನು ಪ್ರತಿ ಸಲ ಅರ ಹಿಡಿದಾಗ ಮೇಲೆ ಕೆಳಗೆ ತಿರುವಿ ಹಾಕುವುದರಿಂದ ಅದು ಇನ್ನೂ ಸಮವಾಗಿದೆ. ಮೊನ್ನೆ ಬಿಚ್ಚಿ ಒರೆಸುವಾಗ ಚೈನು ಎಳೆಯುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟಿನ, ಹಲ್ಲು ಸವೆದದ್ದು ಕಂಡಿತು. ಮಿಸ್ತ್ರಿಗೆ ಫೋನ್ ಮಾಡಿ ಕೇಳಿದೆ. ‘ಕಪಾಟಿನ್ಯಾಗ ಐತ್ರಿ, ಬರ್ರಿ’ ಅಂದರು. ಶನಿವಾರ ಹುಬ್ಬಳ್ಳಿಗೆ ಹೋಗಬೇಕು.