ಮೊದಲು ಹಬೆ, ಕೊನೆಗೆ ಕತ್ತರಿ: ಹಳೇ ಫೆಲ್ಟ್ ಹ್ಯಾಟ್ ಸರಿಮಾಡುವ ಬಗೆ

ಭಗತ್ ಸಿಂಗ್ ಅಂದ ಕೂಡಲೇ ಕಣ್ಣಿಗೆ ಕಟ್ಟುವುದು 1929ರಲ್ಲಿ ದೆಹಲಿಯ ಸ್ಟುಡಿಯೊದಲ್ಲಿ ತೆಗೆಸಿಕೊಂಡ ಆ ಹ್ಯಾಟಿನ ಫೋಟೊ. ಅಂಥ ಫೆಲ್ಟ್ ಹ್ಯಾಟುಗಳು ಈಗಲೂ ತೋಟದ ಮನೆಯ ಅಟ್ಟದಲ್ಲೋ, ಹಳೇ ಟ್ರಂಕಿನಲ್ಲೋ, ಭಾನುವಾರದ ಗುಜರಿ ಸಂತೆಯಲ್ಲೋ ಕೈಗೆ ಸಿಗುವುದುಂಟು. ಹೊರದೇಶದಲ್ಲಿರುವ ಕನ್ನಡಿಗರ ಕಣ್ಣಿಗೆ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸ್ಟೆಟ್ಸನ್, ಬೊರ್ಸಲೀನೊ ಥರದ ಹೆಸರುವಾಸಿ ಹ್ಯಾಟುಗಳೂ ಬೀಳಬಹುದು. ಮೊದಲನೆಯದು 1865ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಶುರುವಾದ ಕಂಪನಿ, ಎರಡನೆಯದು 1857ರಲ್ಲಿ ಇಟಲಿಯ ಅಲೆಸ್ಸಾಂಡ್ರಿಯಾದಲ್ಲಿ. ಸಿಕ್ಕಾಗ ಚಪ್ಪಟೆಯಾಗಿರುತ್ತದೆ, ಧೂಳು ಹಿಡಿದಿರುತ್ತದೆ, ರಿಬ್ಬನ್ ಸುತ್ತ ಬೆವರಿನ ಕಲೆ ಇರುತ್ತದೆ. ಇವುಗಳಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಸರಿಹೋಗುವಂಥವು.

ಕಂಬಳಿಗೆ ಹಾಸು-ಹೊಕ್ಕು ಇರುತ್ತದೆ, ಫೆಲ್ಟಿಗೆ ಇಲ್ಲ. ಮೊಲದ ತುಪ್ಪಳ, ಬೀವರ್ ತುಪ್ಪಳ ಅಥವಾ ಕುರಿ ಉಣ್ಣೆಯ ಎಳೆಗಳ ಮೇಲೆ ಬರಿಗಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿ, ತೇವ, ಒತ್ತಡ ಮೂರೂ ಸೇರಿದಾಗ ಆ ಎಳೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಗಟ್ಟಿ ಹಾಳೆಯಾಗುತ್ತವೆ. ಅದಕ್ಕೇ ಫೆಲ್ಟ್ ಹಬೆ ತಾಗಿದರೆ ಮೆತ್ತಗಾಗುತ್ತದೆ, ಆರಿದರೆ ಹೊಸ ಆಕಾರದಲ್ಲೇ ನಿಲ್ಲುತ್ತದೆ. ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುವುದಿಲ್ಲ. ಒಳಗಡೆ ಹಣೆಗೆ ತಾಗುವ ತೊಗಲಿನ ಪಟ್ಟಿಯ ಸಂಗತಿ ಬೇರೆ. ಹಬೆ ಬಿತ್ತೋ, ಮುದುಡಿ ಸೆಟೆದುಕೊಳ್ಳುತ್ತದೆ. ಫೆಲ್ಟ್ ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ತೊಗಲು ಹಾಕಿಕೊಳ್ಳುವುದಿಲ್ಲ. ಇದೊಂದು ನೆನಪಿದ್ದರೆ ಅರ್ಧ ಕೆಲಸ ಮುಗಿದ ಹಾಗೇ.

ಮುಟ್ಟುವ ಮುನ್ನ ವಯಸ್ಸು ನೋಡಿ

ತುಪ್ಪಳ ಬೇಗ ಹೆಣೆದುಕೊಳ್ಳಲಿ ಅಂತ ಹಿಂದೆ ಅದಕ್ಕೆ ಪಾದರಸದ ನೈಟ್ರೇಟ್ ಹಚ್ಚುತ್ತಿದ್ದರು. ಅಮೆರಿಕದ ಡ್ಯಾನ್‌ಬರಿ ಹ್ಯಾಟಿಗೆ ಹೆಸರಾದ ಊರು. ಅಲ್ಲಿನ ಕೆಲಸಗಾರರ ಕೈ ನಡುಗುವುದು ಎಷ್ಟು ಮಾಮೂಲಾಗಿತ್ತು ಅಂದರೆ, ಆ ಕಾಯಿಲೆಗೆ ‘ಡ್ಯಾನ್‌ಬರಿ ನಡುಕ’ ಅಂತಲೇ ಹೆಸರು ಬಿತ್ತು. ಅಮೆರಿಕದ ಕಾರ್ಖಾನೆಗಳಲ್ಲಿ ಪಾದರಸದ ಬಳಕೆ ನಿಂತದ್ದು 1941ರಲ್ಲಿ. ಅದಕ್ಕೂ ಹಿಂದಿನ ಹ್ಯಾಟುಗಳಲ್ಲಿ ಪಾದರಸ ಇನ್ನೂ ಉಳಿದಿರಬಹುದು. ಆದ್ದರಿಂದ ಭಗತ್ ಸಿಂಗ್ ಕಾಲದ್ದು ಎಂಬ ಅನುಮಾನವಿದ್ದರೆ ಹಬೆಯೂ ಬೇಡ, ಸ್ಯಾಂಡ್ ಪೇಪರೂ ಬೇಡ. ಗಾಜಿನ ಪೆಟ್ಟಿಗೆಯಲ್ಲಿಡಿ, ಚೆನ್ನಾಗಿಯೇ ಕಾಣುತ್ತದೆ. ಕೈಪಳಗಿಸಲು 1950–60ರ ದಶಕದ ಅಮೆರಿಕನ್ ಹ್ಯಾಟು ಒಳ್ಳೆಯದು. ವಯಸ್ಸು ಗೊತ್ತೇ ಆಗದಿದ್ದರೆ ಹಳೆಯದೇ ಅಂದುಕೊಳ್ಳಿ.

ಇನ್ನೊಂದು ಪರೀಕ್ಷೆ. ತುಪ್ಪಳದ ಫೆಲ್ಟ್ ತೆಳ್ಳಗಿದ್ದು ಕೈಗೆ ನುಣುಪಾಗಿ ಹತ್ತುತ್ತದೆ. ಉಣ್ಣೆಯದು ದಪ್ಪ, ಸ್ವಲ್ಪ ಒರಟು. ಹಬೆಗೆ ಚೆನ್ನಾಗಿ ಬಗ್ಗುವುದು ತುಪ್ಪಳದ್ದೇ. ಉಣ್ಣೆಯದು ಕುಗ್ಗುವುದು ಜಾಸ್ತಿ, ಅದಕ್ಕೆ ಸಣ್ಣಪುಟ್ಟ ತಿದ್ದುಪಡಿ ಸಾಕು.

ನುಸಿ, ಧೂಳು, ಕಲೆ

ಟ್ರಂಕಿನಿಂದ ಬಂದದ್ದಕ್ಕೆ ನುಸಿ ಹಿಡಿದಿರುವ ಸಾಧ್ಯತೆ ಇದ್ದೇ ಇದೆ. ಹ್ಯಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡದಂತೆ ಕಟ್ಟಿ, ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ, ಚಳಿ ಬಿಡುವ ತನಕ ಚೀಲ ಬಿಚ್ಚಬೇಡಿ. ಬಿಚ್ಚಿದರೆ ನೀರು ಪಸೆಯುತ್ತದೆ.

ಆಮೇಲೆ ಮೆತ್ತನೆಯ ಕುದುರೆ ಕೂದಲಿನ ಬ್ರಷ್ಷಿನಿಂದ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಧೂಳು ತೆಗೆಯಿರಿ. ತಿಳಿ ಬಣ್ಣಕ್ಕೊಂದು, ಗಾಢ ಬಣ್ಣಕ್ಕೊಂದು ಬೇರೆ ಬೇರೆ ಬ್ರಷ್ ಇರಲಿ. ಎಣ್ಣೆ ಕಲೆಗೆ ನಮ್ಮ ಮನೆಗಳಲ್ಲಿ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯೇ ಮದ್ದು. ಒಣ ಪುಡಿಯನ್ನು ಕಲೆಯ ಮೇಲೆ ದಪ್ಪಗೆ ಉದುರಿಸಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್ ಮಾಡಿ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಮ್ಮೆ. ಕಪ್ಪು, ಕಂದು ಹ್ಯಾಟಿಗೆ ಮಾತ್ರ ಬೇಡ, ಪುಡಿ ಎಳೆಗಳ ನಡುವೆ ಕೂತರೆ ಬೂದಿ ಬಳಿದಂತೆ ಕಾಣುತ್ತದೆ. ಪೆಟ್ರೋಲಿನಲ್ಲಿ ಅದ್ದುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೇ ಹಾಕಿಕೊಳ್ಳಬೇಡಿ. ಅಡುಗೆಮನೆ ಇರುವ ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು.

ಹಬೆ ಹಿಡಿಯುವುದು

ಮೊದಲು ರಿಬ್ಬನ್ ಬಿಚ್ಚಿ. ಅದು ನಾಲ್ಕಾರು ಟಾಕಿನಲ್ಲಿ ನಿಂತಿರುತ್ತದೆ, ಬ್ಲೇಡಿನ ತುದಿಯಿಂದ ಒಂದೊಂದನ್ನೇ ಕತ್ತರಿಸಿ. ಬಿಚ್ಚುವ ಮುಂಚೆ ಬೋ ಎಲ್ಲಿದೆ, ಹೇಗೆ ಮಡಚಿದೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ರಿಬ್ಬನ್ ಅಡಿಯಲ್ಲಿ ಬಿಸಿಲು ಕಾಣದ ಫೆಲ್ಟ್ ಇರುತ್ತದಲ್ವಾ, ಹ್ಯಾಟಿನ ಅಸಲಿ ಬಣ್ಣ ಅದೇ. ಸುತ್ತಲೂ ಎಷ್ಟು ಮಾಸಿದೆ ಅಂತ ಆಗ ಗೊತ್ತಾಗುತ್ತದೆ.

ಮುಂದೆ ಅಚ್ಚು ಬೇಕು. ಹ್ಯಾಟ್ ಮಾಡುವವರು ಮರದ ಅಚ್ಚು ಬಳಸುತ್ತಾರೆ. ಮನೆಯಲ್ಲಿ ಸ್ಟೀಲ್ ಡಬ್ಬದಲ್ಲೇ ಸುಧಾರಿಸಬಹುದು, ಆದರೆ ಡಬ್ಬ ಗುಂಡಗಿರುತ್ತದೆ, ತಲೆ ಇರುವುದು ಮೊಟ್ಟೆಯಾಕಾರ. ಹಣೆಯ ಸುತ್ತಳತೆ 58 ಸೆಂ.ಮೀ. ಇದ್ದರೆ ಅಚ್ಚು ಹಿಂದು-ಮುಂದು ಸುಮಾರು 20, ಅಡ್ಡಕ್ಕೆ 17 ಸೆಂ.ಮೀ. ಬರಬೇಕು. ಸುಮಾರು 16 ಸೆಂ.ಮೀ. ಅಗಲದ ಎತ್ತರದ ಡಬ್ಬ ತಗೊಳ್ಳಿ. ಮುಂದೆ, ಹಿಂದೆ ಮಡಚಿದ ಟವೆಲ್ ಇಟ್ಟು, ಮೇಲೊಂದು ಬೋಗುಣಿ ಬೋರಲು ಹಾಕಿ, ಎಲ್ಲವನ್ನೂ ಬಟ್ಟೆಯಿಂದ ಬಿಗಿದು ಟೇಪಿನಿಂದ ಸುತ್ತಳತೆ ನೋಡಿ. ಕೊನೆಗೆ ತೆಳು ಪ್ಲಾಸ್ಟಿಕ್ ಹೊದಿಸಿದರೆ ಫೆಲ್ಟ್ ಸಲೀಸಾಗಿ ಜಾರುತ್ತದೆ.

ತೊಗಲು ಪಟ್ಟಿಯನ್ನು ಹೊರಕ್ಕೆ ಮಗುಚಿ ಕೆಳಗೆ ಇಳಿಬಿಡಿ. ಕೆಟಲ್ ಕುದಿಯಲಿ. ಕುಕ್ಕರಿನ ಹಬೆ ಬೇಡ, ಅದರ ರಭಸ ಜಾಸ್ತಿ. ಹ್ಯಾಟನ್ನು ಅರ್ಧ ಅಡಿ ದೂರದಲ್ಲಿ ಹಿಡಿದು, ತಲೆಯ ಭಾಗಕ್ಕೆ ಹೊರಗಡೆಯಿಂದ ಮಾತ್ರ ಹಬೆ ತಾಗಿಸಿ. ಒಳಗೆ ಹಬೆ ನುಗ್ಗಿಸಿದರೆ ತೊಗಲಿಗೆ ಸಂಚಕಾರ. ಒಂದೇ ಕಡೆ ನಿಲ್ಲಿಸದೆ ತಿರುಗಿಸುತ್ತಾ ಇರಿ. ಅರ್ಧ ನಿಮಿಷದಲ್ಲಿ ಗಡುಸು ಕಡಿಮೆಯಾಗಿ, ಬೆರಳಿಟ್ಟ ಕಡೆ ಬಗ್ಗತೊಡಗುತ್ತದೆ. ಒದ್ದೆ ಉಣ್ಣೆಯ ವಾಸನೆ ಏಳುತ್ತದೆ, ಗಾಬರಿ ಬೇಡ. ಈಗ ಹಳೇ ಮಡಿಕೆಗಳನ್ನು ಒಳಗಿನಿಂದ ಮುಷ್ಟಿಯಲ್ಲಿ ಮೆಲ್ಲಗೆ ತಳ್ಳಿ, ನೆತ್ತಿಯನ್ನು ಬೋಗುಣಿಯಂತೆ ಉಬ್ಬಿಸಿ. ಡಬ್ಬದ ಮೇಲೆ ಹಾಕಿ ಕೆಳಕ್ಕೆ ಎಳೆಯಿರಿ. ತಲೆಯ ಭಾಗ ಮತ್ತು ಅಂಚು ಸೇರುವ ಜಾಗಕ್ಕೆ ನೂಲಿನ ದಾರ ಬಿಗಿದು ಕಟ್ಟಿ. ಹಾಗೇ ರಾತ್ರಿಯಿಡೀ ಫ್ಯಾನ್ ಗಾಳಿಯಲ್ಲಿ ಒಣಗಲಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಸಹ ಬೇಡ. ಅವಸರದಲ್ಲಿ ಒಣಗಿಸಿದ್ದು ಕುಗ್ಗುತ್ತದೆ.

ಒಣಗಿದ ಮೇಲೂ ಮೆತ್ತಗಿದ್ದರೆ ಅದರೊಳಗಿನ ಅರಗು ಹೋಗಿದೆ ಎಂದರ್ಥ. ಹ್ಯಾಟುಗಳಿಗೆ ಗಡುಸು ಕೊಡಲು ಹಿಂದಿನಿಂದಲೂ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುತ್ತಿದ್ದರು. ಪಾಲಿಶ್ ಕೆಲಸದವರ ಬಳಿ ಅರಗಿನ ಚಕ್ಕೆ ಸಿಗುತ್ತದೆ. ತೀರಾ ತೆಳ್ಳಗೆ ಕರಗಿಸಿ, ಒಳಮೈಗೆ ಮಾತ್ರ ಹಚ್ಚಿ.

ಹೊಸ ರೂಪ

ನೆತ್ತಿ ಈಗ ಖಾಲಿ ಗುಮ್ಮಟ. ಇಲ್ಲಿ ಸುಮ್ನೆ ಆಟ ಆಡಬಹುದು, ಯಾಕೆಂದರೆ ಇಷ್ಟವಾಗದಿದ್ದರೆ ಮತ್ತೆ ಹಬೆ ಹಿಡಿದರಾಯಿತು. ಫೆಡೋರಾ ಬೇಕಿದ್ದರೆ ಹಬೆ ತಾಗಿಸಿ, ಅಂಗೈ ಅಂಚಿನಿಂದ ನಡುವೆ ಉದ್ದಕ್ಕೆ ಒತ್ತಿ, ಮುಂದಿನ ಎರಡು ಬದಿಯನ್ನು ಬೆರಳಿನಿಂದ ಚಿವುಟಿ. ಬದಿಯ ಚಿವುಟು ಬಿಟ್ಟು ನಡುವಿನ ಗುಳಿಯನ್ನಷ್ಟೇ ಇಟ್ಟು, ಅಂಚನ್ನು ಸುತ್ತಲೂ ಮೇಲಕ್ಕೆ ಸುರುಳಿಸಿದರೆ ಹೊಂಬರ್ಗ್. 1880ರ ದಶಕದಲ್ಲಿ ಬ್ರಿಟಿಷ್ ಯುವರಾಜ ಎಡ್ವರ್ಡ್ ಜರ್ಮನಿಯಲ್ಲಿ ಕಂಡು ಮೆಚ್ಚಿದ ಶೈಲಿ ಅದು. ನೆತ್ತಿಯನ್ನು ತಟ್ಟೆಯಂತೆ ಚಪ್ಪಟೆ ಮಾಡಿ ಸುತ್ತ ಏಣು ಬಿಟ್ಟರೆ ಪೋರ್ಕ್ ಪೈ. ನನ್ನ ಪ್ರಕಾರ ದುಂಡು ಮುಖಕ್ಕೆ ಅದು ಹೊಂದುವುದಿಲ್ಲ.

ಅಂಚಿಗೆ ಒದ್ದೆ ಹತ್ತಿ ಬಟ್ಟೆ ಹಾಸಿ, ಮಧ್ಯಮ ಬಿಸಿಯ ಇಸ್ತ್ರಿಯಿಂದ ಒತ್ತಿ. ಉಜ್ಜಬೇಡಿ, ಹೊಳಪು ಬಂದು ಕೂರುತ್ತದೆ. ಅಂಚು ತುಂಬಾ ಅಗಲ ಅನಿಸಿದರೆ ಈಗಲೇ ಕತ್ತರಿ ತೆಗೆಯಬೇಡಿ. ಒಂದು ವಾರ ಹಾಗೇ ಹಾಕಿಕೊಂಡು ಓಡಾಡಿ. ಹೊಸ ನೆತ್ತಿಯ ಜೊತೆ ಅದೇ ಅಗಲ ಸರಿಕಾಣುವುದೂ ಉಂಟು. ಕತ್ತರಿಸಲೇಬೇಕಿದ್ದರೆ ತಲೆಯ ಭಾಗದ ಬುಡದಿಂದ ಅಳೆದು ಸುತ್ತಲೂ ಟೈಲರ್ ಚಾಕಿನಲ್ಲಿ ಗುರುತು ಹಾಕಿ. ಬೇಕಾದ್ದಕ್ಕಿಂತ ಅರ್ಧ ಸೆಂ.ಮೀ. ಹೊರಗೆ ಕತ್ತರಿಸಿ, ತಲೆಗಿಟ್ಟು ಕನ್ನಡಿ ನೋಡಿ, ಆಮೇಲೆ ಉಳಿದದ್ದು. ಕತ್ತರಿಸಿದ ಅಂಚನ್ನು 400 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರಾಗಿ ಸವರಿದರೆ ಸಾಕು, ಹೊಲಿಗೆ ಬೇಕಿಲ್ಲ.

ಆ ಚೂರುಗಳನ್ನು ಎಸೆಯಬೇಡಿ. ಕೆರೆದರೆ ಅದೇ ಬಣ್ಣದ ಹೊಟ್ಟು ಸಿಗುತ್ತದೆ. ಚೂರು ಅಂಟಿನ ಜೊತೆ ಅದನ್ನು ನುಸಿ ತಿಂದ ತೂತಿಗೆ ತುಂಬಿ ಒತ್ತಿದರೆ ಹತ್ತಿರದಿಂದ ನೋಡಿದರಷ್ಟೇ ಗೊತ್ತಾಗುತ್ತದೆ. ತೂತು ಬುಡದ ಹತ್ತಿರವಿದ್ದರೆ ಇನ್ನೂ ಸುಲಭ: ಅಗಲದ ರಿಬ್ಬನ್ ಹಾಕಿ ಮುಚ್ಚಿ. ಸ್ಯಾಟಿನ್ ರಿಬ್ಬನ್ ಬಾಗುವುದಿಲ್ಲ, ಮೇಲಂಚು ಬಾಯಿ ಬಿಡುತ್ತದೆ. ಪೀಟರ್‌ಶಾಮ್ ಅಂತ ಕೇಳಿ ತನ್ನಿ. ಹಲ್ಲುಹಲ್ಲಾದ ಅಂಚಿನ ಆ ರಿಬ್ಬನ್ನನ್ನು ಒದ್ದೆ ಮಾಡಿ, ಇಸ್ತ್ರಿಯಡಿ ಬಿಲ್ಲಿನಂತೆ ಎಳೆದರೆ ಬಾಗಿ ನಿಲ್ಲುತ್ತದೆ. ಗಂಡಸರ ಹ್ಯಾಟಿಗೆ ಬೋ ಎಡಗಡೆ.

ಹಾಕಿಕೊಂಡಾಗ ಸಡಿಲ ಅನಿಸಿದರೆ ತೊಗಲು ಪಟ್ಟಿಯ ಹಿಂದೆ ತೆಳು ಫೋಮ್ ಪಟ್ಟಿ ಸೇರಿಸಿ. ತೆಗೆಯುವಾಗ ನೆತ್ತಿಯ ಚಿವುಟನ್ನು ಹಿಡಿದೆತ್ತಬೇಡಿ, ಹಳೇ ಫೆಲ್ಟ್ ಬಿರಿಯುವುದು ಅಲ್ಲೇ. ಅಂಚು ಹಿಡಿದು ತೆಗೆದು, ಮೇಜಿನ ಮೇಲೆ ಬೋರಲಿಡದೆ ನೆತ್ತಿ ಕೆಳಗೆ ಮಾಡಿ ಇಡಿ. ಮಳೆಗಾಲದಲ್ಲಿ ಬೀರುವಿನೊಳಗೆ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ಗಾಳಿಯಾಡುವ ರಟ್ಟಿನ ಡಬ್ಬ ಒಳ್ಳೆಯದು, ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ನುಸಿಗುಳಿಗೆ ಎರಡು, ಫೆಲ್ಟಿಗೆ ತಾಗದ ಹಾಗೆ.