ಮನೆ ಗ್ಯಾರೇಜಿಗೆ ಕಾರ್ ಲಿಫ್ಟ್ ತಗೊಳ್ಳೋ ಮುಂಚೆ

ತುಮಕೂರಲ್ಲಿ ಮನೇಲೇ ಕಾರ್ ಮೇಲೆತ್ತಿ ರಿಪೇರಿ ಮಾಡೋ ಲಿಫ್ಟ್ ಹಾಕ್ಸೋರು ಮೊದ್ಲು ನೋಡ್ಬೇಕಾಗಿರೋದು ರೇಟಲ್ಲ, ನೆಲ. ನಮ್ ಕಡೆ ಎಷ್ಟೋ ಮನೆಗಳಲ್ಲಿ ಸಂಪು ಇರೋದೇ ಕಾರ್ ನಿಲ್ಸೋ ಜಾಗದ ಕೆಳಗೆ, ಕಾರ್ ತಡ್ಕೊಂಡಿದೆ ಅಲ್ವಾ ಅಂತ ಅದ್ರ ಮೇಲೇ ಟೂ ಪೋಸ್ಟ್, ಅಂದ್ರೆ ಎರಡು ಕಂಬದ ಲಿಫ್ಟ್ ಕೂರ್ಸಕ್ಕೆ ಹೋಗ್ಬೇಡಿ, ಇಡೀ ಭಾರ ಎರಡು ಕಂಬದ ಬುಡದಲ್ಲೇ ಬೀಳುತ್ತೆ. ಪಾರ್ಕಿಂಗ್ ಟೈಲ್ಸ್ ಮೇಲೂ ಬೇಡ. ಟೈಲ್ಸ್ ಕಿತ್ತು, ಒಂದು ತೂತು ಕೊರೆದು ಕಾಂಕ್ರೀಟ್ ಎಷ್ಟು ದಪ್ಪ ಇದೆ ನೋಡಿ, ಕಮ್ಮಿ ಅಂದ್ರೂ 4 ಇಂಚು ಗಟ್ಟಿ ಕಾಂಕ್ರೀಟ್ ಬೇಕು, ಹೊಸದಾಗಿ ಹಾಕ್ಸಿದ್ರೆ 28 ದಿನ ಬಿಟ್ಟು ಬೋಲ್ಟ್ ಹೊಡೀರಿ.

ಆಮೇಲೆ ಎತ್ತರ. ಕಾರು 5 ಅಡಿ, ಕೆಳಗೆ ನಿಂತ್ಕೊಳ್ಳೋಕೆ 6 ಅಡಿ, ಅಂದ್ರೆ 11 ಅಡಿ ಮೇಲೇ ಬೇಕು. ಸೂರು 10 ಅಡಿ ಇದ್ರೆ ಕತ್ತರಿ ಥರ ಬಿಚ್ಕೊಂಡು ಕಾರನ್ನ ಕೆಳಗಿಂದ ಅರ್ಧಕ್ಕೆ ಎತ್ತೋ ಸಿಸರ್ ಲಿಫ್ಟೇ ಒಳ್ಳೇದು, ಕಾರಿನ ಅಡಿ ಮಧ್ಯದಲ್ಲಿ ಕೈ ಹಾಕೋದು ಕಷ್ಟ ನಿಜ, ಆದ್ರೆ ಬ್ರೇಕು, ಟೈರಿನ ಕೆಲಸಕ್ಕೆ ಧಾರಾಳ ಸಾಕು.

ಮೋಟ್ರು ಸಿಂಗಲ್ ಫೇಸಾ ತ್ರೀ ಫೇಸಾ ಕೇಳಿ, ನಿಮ್ಮನೆ ಕರೆಂಟ್ ಕನೆಕ್ಷನ್‌ಗೆ ಹೊಂದ್ಬೇಕು. ಮೆಕ್ಯಾನಿಕಲ್ ಲಾಕ್ ಇಲ್ಲದ್ದನ್ನ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ತಗೋಬೇಡಿ, ಲಿಫ್ಟ್ ಎತ್ತೋ ಆಯಿಲ್ ಪೈಪ್ ಒಡೆದ್ರೆ ಕಾರನ್ನ ಹಿಡ್ಕೊಳ್ಳೋದು ಅದೇನೇ.