ಕಡಲ ದಂಡೆಯ ನಾಯಿಗಳೊಡನೆ ಪರಿಚಯ ಬೆಳೆಸುವ ಬಗೆ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೆಳಗಿನ ಹೊತ್ತು ಕೋಲು ಹಿಡಿದು ನಡೆಯುವವರು ಹಲವರಿದ್ದಾರೆ. ಎದುರಿನ ನಾಯಿ ನಮ್ಮಿಂದ ಎಷ್ಟು ದೂರದಲ್ಲಿ ನಿಂತಿದೆ, ಆ ದೂರ ಕಡಿಮೆಯಾಗಲಿ ಎನ್ನುತ್ತಿದೆಯೋ ಹೆಚ್ಚಲಿ ಎನ್ನುತ್ತಿದೆಯೋ ಎಂದು ಗುರುತಿಸಲು ಕಲಿತರೆ ಆ ಕೋಲಿನ ಅಗತ್ಯ ಅಪರೂಪಕ್ಕಷ್ಟೇ ಬೀಳುತ್ತದೆ. ಬೊಗಳುವುದು, ಗುರುಗುಟ್ಟುವುದು, ಕಿವಿ ಮಡಚುವುದು ಇವೆಲ್ಲವೂ ಬಹುಮಟ್ಟಿಗೆ ಈ ದೂರದ ಬಗ್ಗೆ ನಾಯಿ ನಡೆಸುವ ಮಾತುಕತೆಯೇ.

ಮೊದಲಿಗೆ ನಾಲ್ಕಾರು ದಿನ ನೋಡುವುದಕ್ಕೆಂದೇ ಹೋಗಬೇಕು. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳಿಂದ ಮೀನು ಇಳಿಸುವ ಹೊತ್ತು ಇದಕ್ಕೆ ಒಳ್ಳೆಯದು. ತಿನ್ನಲು ಏನನ್ನೂ ಒಯ್ಯದೆ, ದಿನವೂ ಅದೇ ವೇಳೆಗೆ ಅದೇ ಜಾಗದಲ್ಲಿ ಅರ್ಧ ಗಂಟೆ ಕುಳಿತು, ಯಾವ ನಾಯಿ ಯಾವುದರ ಪಕ್ಕ ಮಲಗುತ್ತದೆ, ಯಾವುದು ಯಾವುದಕ್ಕೆ ದಾರಿ ಬಿಡುತ್ತದೆ ಎಂದು ಗಮನಿಸಿರಿ. ಪರಿಚಯದ ನಾಯಿಗಳು ಎದುರಾದಾಗ ನೇರವಾಗಿ ಮುಖಕ್ಕೆ ಮುಖ ಕೊಟ್ಟು ಬರುವುದು ಕಡಿಮೆ. ಕೊಂಚ ಬಳಸಿ ಬಂದು ಹಿಂಭಾಗವನ್ನು ಮೂಸುತ್ತವೆ. ಗುದದ ಬಳಿಯ ಗ್ರಂಥಿಗಳ ವಾಸನೆಯಿಂದ ಎದುರಿನದು ಯಾರೆಂಬುದು ಅವಕ್ಕೆ ತಿಳಿಯುತ್ತದೆ. ಕಂಬದ ಬುಡದಲ್ಲಿ ಒಂದು ನಾಯಿ ಉಚ್ಚೆ ಹೊಯ್ದು ಹೋದ ಮೇಲೆ ಇನ್ನೊಂದು ಅಲ್ಲಿ ಬಹಳ ಹೊತ್ತು ಮೂಸುವುದೂ ಇಂಥದೇ ವಿಚಾರಣೆ. ಮನೆಯ ನಾಯಿಯನ್ನು ಸುತ್ತಾಡಿಸುವವರು ಅಂಥ ಹೊತ್ತಿನಲ್ಲಿ ಹಗ್ಗ ಜಗ್ಗಬಾರದು. ಸುತ್ತಾಟದ ಅರ್ಧ ಪ್ರಯೋಜನ ಅದರಲ್ಲೇ ಇದೆ.

ಬಾಲ ಆಡಿಸುವ ನಾಯಿ ಕಚ್ಚದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ, ಅಷ್ಟೇ ಅಪಾಯಕಾರಿ ಕೂಡ. ಸೊಂಟವೂ ಸೇರಿ ಮೈಯೆಲ್ಲ ಸಡಿಲವಾಗಿ ಬಳುಕುತ್ತಿದ್ದರೆ ಅದು ಸ್ನೇಹ. ಬಾಲ ಮೇಲೆದ್ದು ಬಿಗಿಯಾಗಿ, ತುದಿ ಮಾತ್ರ ಚುರುಕಾಗಿ ಅಲುಗುತ್ತ, ಮೈ ಸೆಟೆದು ನಿಂತಿದ್ದರೆ ಅಲ್ಲಿಯೇ ನಿಲ್ಲಬೇಕು. ಇಟಲಿಯ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಾಯಿಯ ಬಾಲ ತನ್ನ ಯಜಮಾನನನ್ನು ಕಂಡಾಗ ಬಲಕ್ಕೆ ಹೆಚ್ಚು ವಾಲುತ್ತದೆ, ಅಪರಿಚಿತ ಬಲಿಷ್ಠ ನಾಯಿಯನ್ನು ಕಂಡಾಗ ಎಡಕ್ಕೆ. ಬರಿಗಣ್ಣಿಗೆ ಅದು ಸುಲಭವಾಗಿ ಸಿಗುವಂಥದಲ್ಲವಾದ್ದರಿಂದ ಮೈಯ ಬಿಗಿತವನ್ನೇ ನೋಡುವುದು ಮೇಲು. ಹಸಿವಿಲ್ಲದೆ ಮೂತಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಪಕ್ಕಕ್ಕೆ ತಿರುಗಿಸುವುದು ಇವು ಅಳುಕಿನ ಸೂಚನೆಗಳು. ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಭಾಗವನ್ನು ಎತ್ತಿ ಹಿಡಿದರೆ ಆಟಕ್ಕೆ ಕರೆಯುತ್ತಿದೆ ಎಂದರ್ಥ. ಅದರ ನಂತರದ ಕಚ್ಚಾಟ ನೋಡಲು ಭಯಂಕರವಾಗಿದ್ದರೂ ಆಟವೇ.

ಗುರುಗುಟ್ಟಿದ್ದಕ್ಕೆ ಹೊಡೆಯಬಾರದು. ಶಿರಸಿಯ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಕಾಳ ಎಂಬ ನಾಯಿಯಿತ್ತು. ಊಟದ ತಟ್ಟೆಯ ಬಳಿ ಯಾರಾದರೂ ಹೋದರೆ ಗುರ್ರೆನ್ನುತ್ತಿತ್ತು, ನಾವು ಪ್ರತಿ ಸಲವೂ ಗದರಿಸಿ ಆ ಸದ್ದನ್ನು ನಿಲ್ಲಿಸಿದೆವು. ಮರುವರ್ಷ ಅದು ಸದ್ದಿಲ್ಲದೆ ನನ್ನ ಮುಂಗೈಗೇ ಬಾಯಿ ಹಾಕಿತು. ಎಚ್ಚರಿಕೆಯನ್ನು ಮರೆಸಿದವರು ನಾವೇ, ಅದರ ಅಂಜಿಕೆ ಮಾತ್ರ ಹಾಗೆಯೇ ಉಳಿದಿತ್ತು.

ನಾಯಿಗೆ ನಾವೇ ನಾಯಕರೆಂದು ತೋರಿಸಲು ಅದನ್ನು ನೆಲಕ್ಕೆ ಒತ್ತಿ ಹಿಡಿಯಬೇಕೆಂಬ ಉಪದೇಶವನ್ನೂ ಕೇಳಬಾರದು. ಇದಕ್ಕೆ ಆಧಾರವಾದದ್ದು, ತೋಳಗಳು ಮೇಲುಗೈಗಾಗಿ ಕಾದಾಡುತ್ತವೆಂದು ಬೋನಿನಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಹೇಳಿದ ಸಂಶೋಧನೆ. ರುಡಾಲ್ಫ್ ಶೆಂಕೆಲ್ ಅದನ್ನು 1947ರಲ್ಲಿ ಪ್ರಕಟಿಸಿದ್ದರು. ಕಾಡಿನ ತೋಳಗಳ ಗುಂಪು ಹೆಚ್ಚಾಗಿ ತಂದೆ, ತಾಯಿ, ಮಕ್ಕಳ ಕುಟುಂಬವೆಂದು ತೋಳಗಳ ತಜ್ಞ ಡೇವಿಡ್ ಮೀಚ್ 1999ರಲ್ಲಿ ತೋರಿಸಿಕೊಟ್ಟರು.

ನೋಡಿ ಮುಗಿದ ಮೇಲೆ ಪರಿಚಯ. ನಾಯಿಗೆ ಪಕ್ಕೆ ತೋರಿಸಿ ನಿಂತು, ಕಣ್ಣಲ್ಲಿ ಕಣ್ಣಿಡದೆ, ನಿಧಾನವಾಗಿ ಕುಕ್ಕುರುಗಾಲಿನಲ್ಲಿ ಕುಳಿತು, ಅದು ತಾನಾಗಿ ಬರುವವರೆಗೆ ಕಾಯಬೇಕು. ಸಾಕಿದವರೊಡನೆ ದೃಷ್ಟಿ ಸೇರಿಸುವ ನಾಯಿಯಲ್ಲೂ ಅವರಲ್ಲೂ ನಂಟು ಬೆಸೆಯುವ ಆಕ್ಸಿಟೋಸಿನ್ ಹಾರ್ಮೋನು ಹೆಚ್ಚುತ್ತದೆಂದು ಜಪಾನಿನ ಸಂಶೋಧಕರು 2015ರಲ್ಲಿ ಕಂಡುಕೊಂಡರು, ಆದರೆ ಅಪರಿಚಿತರು ದಿಟ್ಟಿಸಿದರೆ ನಾಯಿಗೆ ಅದು ಬೆದರಿಕೆ. ಹತ್ತಿರ ಬಂದರೆ ತಲೆಯ ಮೇಲೆ ಕೈಯಾಡಿಸದೆ, ಎದೆಯನ್ನು ಅಥವಾ ಗಲ್ಲದ ಕೆಳಭಾಗವನ್ನು ಎರಡು ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಇನ್ನೂ ಬೇಕೆಂದರೆ ಅದೇ ಒತ್ತಿಕೊಂಡು ಬರುತ್ತದೆ. ಬಿಸ್ಕತ್ತಿಗಿಂತ ಈ ಸವರಿಕೆಯೇ ಹೆಚ್ಚು ನಂಟು ಬೆಳೆಸುತ್ತದೆ. ಪಶ್ಚಿಮ ಬಂಗಾಳದ ಬೀದಿನಾಯಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿದೆ. ಮರಿಗಳಾದರೆ ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮನುಷ್ಯರೊಡನೆ ಪಳಗುವುದು ಅತಿ ಸುಲಭ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರಿನಲ್ಲಿ ಮೀನಿನ ತ್ಯಾಜ್ಯ ಕಡಿಮೆಯಾಗುತ್ತದೆ. ಆಗ ತುತ್ತಿಗಾಗಿ ಜಗಳ ಹೆಚ್ಚುವುದನ್ನು ನಾನು ಕಂಡಿದ್ದೇನೆ. ಆ ಎರಡು ತಿಂಗಳು ಹೊಸ ಪರಿಚಯ ಬೇಡ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಆರಂಭಿಸಲೇಬೇಕು.

ಗುಂಪೊಂದು ಬೊಗಳುತ್ತ ಎದುರಾದರೆ ಓಡದೆ, ಹಚಾ ಎಂದು ಕೂಗದೆ, ಅವುಗಳಿಗೆ ಬೆನ್ನು ಹಾಕದೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಿರಿ. ಒಂದು ಜಾಗಕ್ಕೆ ಬಂದಾಗ ಬೊಗಳುವ ಸದ್ದು ತಗ್ಗುತ್ತದೆ. ಆ ಗುಂಪಿನ ಗಡಿ ಅದೇ. ಗಾಳಿಮರವೋ ದೀಪದ ಕಂಬವೋ ಹತ್ತಿರವಿದ್ದರೆ ಗುರುತಿಟ್ಟುಕೊಂಡು, ಮಾರನೆಯ ದಿನ ಅದರ ಈಚೆಗೇ ಕುಳಿತುಕೊಳ್ಳಿರಿ.